ಕೊಳಚೆನೀರಿನ ರಂಜಕವನ್ನು ಅಣುಜೀವಿಗಳಿಂದ ತೆಗೆಸುವ ಬಗೆ: ಚಿಕ್ಕ ಶುದ್ಧೀಕರಣ ಘಟಕಗಳಿಗೊಂದು ಮಾರ್ಗದರ್ಶಿ

ಶುದ್ಧೀಕರಣ ಘಟಕಕ್ಕೆ ಬರುವ ಕೊಳಚೆನೀರಿನ ಇಂಗಾಲದಲ್ಲಿ ದೊಡ್ಡ ಪಾಲು ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ. ಸಾರಜನಕವನ್ನೂ ಅನಿಲವಾಗಿಸಿ ಹೊರಗೆ ಕಳುಹಿಸಬಹುದು. ರಂಜಕಕ್ಕೆ, ಅಂದರೆ ಫಾಸ್ಫರಸ್ಸಿಗೆ, ಈ ದಾರಿ ಇಲ್ಲ. ಒಳಕ್ಕೆ ಬಂದ ಪ್ರತಿಯೊಂದು ಗ್ರಾಂ ರಂಜಕವೂ ಒಂದೋ ಶುದ್ಧೀಕರಿಸಿದ ನೀರಿನೊಂದಿಗೆ ಹೊರಟುಹೋಗುತ್ತದೆ, ಇಲ್ಲವೇ ಟ್ಯಾಂಕಿನಿಂದ ನಾವು ತೆಗೆಯುವ ಕೆಸರಿನೊಂದಿಗೆ, ಅಂದರೆ ಸ್ಲಡ್ಜಿನೊಂದಿಗೆ, ಹೋಗುತ್ತದೆ. ಮುಂದಿನ ಎಲ್ಲ ಹಂತಗಳೂ ಈ ಒಂದು ಮಾತಿನಿಂದಲೇ ಹುಟ್ಟಿದವು: ರಂಜಕವನ್ನು ನೀರಿನಿಂದ ಸ್ಲಡ್ಜಿಗೆ ಸೇರಿಸಬೇಕು, ಅದು ಮತ್ತೆ ನೀರಿಗೆ ಬೀಳುವ ಮುನ್ನ ಆ ಸ್ಲಡ್ಜನ್ನು ಹೊರಗೆ ಹಾಕಬೇಕು.

ಕೆರೆಗೆ ಸೇರುವ ನೀರಿನ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ. ಪಾಚಿಯ ಒಣತೂಕದ ನೂರರಲ್ಲಿ ಒಂದು ಪಾಲಿನಷ್ಟು ಮಾತ್ರ ರಂಜಕವಿರುವುದರಿಂದ, ಒಂದು ಗ್ರಾಂ ರಂಜಕ ನೂರು ಗ್ರಾಂಗೂ ಹೆಚ್ಚು ಪಾಚಿಯನ್ನು ಬೆಳೆಸಬಲ್ಲದು. ಬೆಳ್ಳಂದೂರು, ವರ್ತೂರು ಕೆರೆಗಳ ಮೇಲೆ ಹಾಸಿಕೊಂಡ ಅಂತರಗಂಗೆಗೆ ಗೊಬ್ಬರವಾಗಿ ಒದಗಿದ್ದು ನಗರದ ಬಚ್ಚಲು, ಶೌಚಾಲಯಗಳಿಂದ ಬಂದ ಸಾರಜನಕ ಮತ್ತು ರಂಜಕಗಳೇ. ಒಳನಾಡಿನ ಜಲಮೂಲಗಳಿಗೆ ಬಿಡುವ ನೀರಿನಲ್ಲಿ ಕರಗಿದ ಫಾಸ್ಫೇಟ್ ರಂಜಕದ ಲೆಕ್ಕದಲ್ಲಿ ಲೀಟರಿಗೆ 5 ಮಿಲಿಗ್ರಾಂ ಮೀರಬಾರದೆಂಬುದು ದೇಶದ ಹಳೆಯ ಸಾಮಾನ್ಯ ಮಾನದಂಡ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2019ರ ಆದೇಶದಲ್ಲಿ ಕೆರೆ ಕುಂಟೆಗಳಿಗೆ ಬಿಡುವ ನೀರಿಗೆ ಒಟ್ಟು ರಂಜಕ 1 ಮಿಲಿಗ್ರಾಂ ಎಂಬ ಬಿಗಿಯಾದ ಮಿತಿಯನ್ನು ಹೇಳಿತು. ಸಾಮಾನ್ಯ ರೀತಿಯಲ್ಲಿ ನಡೆಯುವ ಘಟಕದ ನೀರು ಈ ಮಿತಿಯೊಳಗೆ ಬರುವುದಿಲ್ಲ.

ಈ ವಿದ್ಯೆಯ ಮೊದಲ ಪುಟಗಳಲ್ಲಿ ಬೆಂಗಳೂರಿನ ಹೆಸರಿದೆ ಎಂಬುದನ್ನು ನಮ್ಮ ಘಟಕಗಳನ್ನು ನಡೆಸುವವರು ತಿಳಿದಿರಬೇಕೆಂದು ನನ್ನ ಆಸೆ. ಸ್ಲಡ್ಜಿಗೆ ಗಾಳಿ ಊದಿದಾಗ, ಅದರ ಜೀವಿಗಳ ಬೆಳವಣಿಗೆಗೆ ಬೇಕಾದುದಕ್ಕಿಂತ ಹೆಚ್ಚು ಫಾಸ್ಫೇಟ್ ನೀರಿನಿಂದ ಬೇಗನೆ ಮಾಯವಾಗುತ್ತದೆ ಎಂಬುದನ್ನು 1959ರಲ್ಲಿ ಪ್ರಕಟಿಸಿದವರು ಭಾರತೀಯ ವಿಜ್ಞಾನ ಸಂಸ್ಥೆಯ ಇ. ಜಿ. ಶ್ರೀನಾಥ್, ಸಿ. ಎ. ಶಾಸ್ತ್ರಿ ಮತ್ತು ಎಸ್. ಸಿ. ಪಿಳ್ಳೈ. 1965ರಲ್ಲಿ ಅಮೆರಿಕದ ಲೆವಿನ್ ಮತ್ತು ಶಪಿರೊ ಇದನ್ನು ಇನ್ನಷ್ಟು ಶೋಧಿಸಿದರು. 1970ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಜೇಮ್ಸ್ ಬರ್ನಾರ್ಡ್ ಗಾಳಿಯಿಲ್ಲದ ಟ್ಯಾಂಕನ್ನು ಮುಂದೆ, ಗಾಳಿಯ ಟ್ಯಾಂಕನ್ನು ಹಿಂದೆ ಇರಿಸಿ, ಇದನ್ನು ದೊಡ್ಡ ಘಟಕಗಳಲ್ಲಿ ನಡೆಸಬಹುದಾದ ಕ್ರಮವನ್ನಾಗಿ ರೂಪಿಸಿದರು.

ಈ ಲೇಖನದ ಉದಾಹರಣೆ ದಿನಕ್ಕೆ 1 ಲಕ್ಷ ಲೀಟರ್ ಕೊಳಚೆನೀರು ಬರುವ ಒಂದು ವಸತಿ ಸಮುಚ್ಚಯದ ಎಸ್‌ಬಿಆರ್ ಘಟಕ, ಅಂದರೆ ಒಂದೇ ಟ್ಯಾಂಕಿನಲ್ಲಿ ತುಂಬುವುದು, ಗಾಳಿ ಊದುವುದು, ತಂಗಿಸುವುದು, ಮೇಲಿನ ತಿಳಿ ತೆಗೆಯುವುದು ಒಂದರ ನಂತರ ಒಂದು ನಡೆಯುವ ಘಟಕ. ಬಿಲ್ಲೆಗಳ ಮೇಲೆ ಜೀವಿಗಳನ್ನು ಬೆಳೆಸುವ ಎಂಬಿಬಿಆರ್ ಘಟಕದಲ್ಲಿ ಜೀವಿಗಳು ಗಾಳಿಯ ಟ್ಯಾಂಕಿನಲ್ಲೇ ನೆಲೆಸಿರುವುದರಿಂದ ಮುಂದೆ ಹೇಳುವ ಕ್ರಮವನ್ನು, ಅಂದರೆ ಮೊದಲು ಗಾಳಿಯಿಲ್ಲದೆ ಊಟ, ಆಮೇಲೆ ಗಾಳಿಯಲ್ಲಿ ಉಪವಾಸ ಎಂಬುದನ್ನು, ಅವುಗಳಿಗೆ ಕೊಡಲಾಗದು. ಅಂಥ ಘಟಕಗಳವರು ರಂಜಕವನ್ನು ಹಿಡಿದು ತಳಕ್ಕೆ ಕೂರಿಸುವ ಪಟಿಕವನ್ನೇ ನಂಬಬೇಕಾಗುತ್ತದೆ.

ಜೀವಿಗಳು ಏನು ಮಾಡುತ್ತವೆ

ರಂಜಕ ಕೂಡಿಡುವ ಈ ಬ್ಯಾಕ್ಟೀರಿಯಾಗಳನ್ನು ವೃತ್ತಿಯಲ್ಲಿರುವವರು ಪಿಎಒ ಎಂದು ಕರೆಯುತ್ತಾರೆ. ಇವುಗಳಲ್ಲಿ ಹೆಚ್ಚು ಅಭ್ಯಾಸವಾಗಿರುವುದು ಅಕ್ಯುಮ್ಯುಲಿಬ್ಯಾಕ್ಟರ್. ಟೆಟ್ರಾಸ್ಫೇರಾ ಎಂಬುದೂ ಅನೇಕ ಘಟಕಗಳಲ್ಲಿ ಹೇರಳವಾಗಿ ಸಿಗುತ್ತದೆ. ಸಾಧಾರಣ ಬ್ಯಾಕ್ಟೀರಿಯಾ ಆಮ್ಲಜನಕವೂ ನೈಟ್ರೇಟೂ ಇಲ್ಲದ ಕಡೆ ಆಹಾರವನ್ನು ಒಳಕ್ಕೆಳೆದು ಕೂಡಿಡಲಾರದೆ ಸುಮ್ಮನಿರುತ್ತದೆ. ಪಿಎಒ ಹಾಗಲ್ಲ. ತನ್ನೊಳಗೆ ಸರಪಳಿಯಂತೆ ಕೂಡಿಟ್ಟ ಪಾಲಿಫಾಸ್ಫೇಟನ್ನು ಮುರಿದು, ಅದರಿಂದ ಬಂದ ಶಕ್ತಿಯಲ್ಲಿ ನೀರಿನ ಅಸಿಟಿಕ್, ಪ್ರೊಪಿಯೋನಿಕ್ ಆಮ್ಲಗಳನ್ನು ಒಳಕ್ಕೆ ತೆಗೆದುಕೊಂಡು, ಪಿಎಚ್‌ಎ ಎಂಬ ಕೊಬ್ಬಿನಂಥ ದಾಸ್ತಾನು ಮಾಡಿಕೊಳ್ಳುತ್ತದೆ. ಪಾಲಿಫಾಸ್ಫೇಟ್ ಮುರಿದಾಗ ಉಳಿದ ಫಾಸ್ಫೇಟ್ ನೀರಿಗೆ ಬೀಳುವುದರಿಂದ ಈ ಹಂತದಲ್ಲಿ ನೀರಿನ ರಂಜಕ ಇಳಿಯುವ ಬದಲು ಏರುತ್ತದೆ. ಹೊಸಬರು ಇದನ್ನು ಕಂಡು ಗಾಬರಿಯಾಗುವುದುಂಟು. ಅದು ಏರಲೇಬೇಕು.

ನಂತರ ಗಾಳಿ ಬಂದಾಗ ಪಿಎಒ ಆ ದಾಸ್ತಾನನ್ನು ಉರಿಸಿ, ತಾನು ಬಿಟ್ಟಿದ್ದಕ್ಕಿಂತ ಹೆಚ್ಚು ಫಾಸ್ಫೇಟನ್ನು ನೀರಿನಿಂದ ಹೀರಿ ಮತ್ತೆ ಪಾಲಿಫಾಸ್ಫೇಟ್ ಸರಪಳಿ ಕಟ್ಟುತ್ತದೆ. ಈ ಹೆಚ್ಚುವರಿಯೇ ನಮ್ಮ ಲಾಭ. ಸಾಮಾನ್ಯ ಸ್ಲಡ್ಜಿನ ಒಣತೂಕದಲ್ಲಿ ರಂಜಕ ನೂರಕ್ಕೆ ಒಂದೂವರೆಯಿಂದ ಎರಡರಷ್ಟಿದ್ದರೆ, ಪಿಎಒ ಚೆನ್ನಾಗಿ ಬೆಳೆದ ಸ್ಲಡ್ಜಿನಲ್ಲಿ ನಾಲ್ಕರಿಂದ ಆರು ಇರಬಲ್ಲದು.

ಮೊದಲು ಲೆಕ್ಕ

ಯಂತ್ರಗಳನ್ನು ಮುಟ್ಟುವ ಮುನ್ನ ಒಂದು ಹಾಳೆಯ ಮೇಲೆ ರಂಜಕದ ಜಮಾಖರ್ಚು ಬರೆಯಿರಿ. ಒಳಬರುವ ನೀರಿನಲ್ಲಿ ಲೀಟರಿಗೆ 6 ಮಿಲಿಗ್ರಾಂ ರಂಜಕವಿದ್ದರೆ, 1 ಲಕ್ಷ ಲೀಟರಿಗೆ ದಿನಕ್ಕೆ 600 ಗ್ರಾಂ ಆಯಿತು. ಬಿಒಡಿ, ಅಂದರೆ ಜೀವಿಗಳು ತಿಂದು ಮುಗಿಸಲು ಬೇಕಾಗುವ ಆಮ್ಲಜನಕದ ಲೆಕ್ಕದಲ್ಲಿ ಅಳೆದ ಸಾವಯವ ಕೊಳೆ, ಲೀಟರಿಗೆ 250 ಮಿಲಿಗ್ರಾಂ ಎಂದುಕೊಂಡರೆ ದಿನಕ್ಕೆ 25 ಕಿಲೋ. ಅದರಿಂದ ಸುಮಾರು 15 ಕಿಲೋ ಒಣ ಸ್ಲಡ್ಜ್ ಹುಟ್ಟುತ್ತದೆ. ಅದರಲ್ಲಿ ನೂರಕ್ಕೆ ಒಂದೂವರೆಯಷ್ಟು ರಂಜಕವಿದ್ದರೆ ಹೊರಹೋಗುವುದು 225 ಗ್ರಾಂ, ಉಳಿದ 375 ಗ್ರಾಂ ನೀರಿನಲ್ಲೇ. ಅಂದರೆ ಲೀಟರಿಗೆ ಮೂರೂವರೆ ಮಿಲಿಗ್ರಾಂಗಿಂತ ಹೆಚ್ಚು. ಅದೇ ಸ್ಲಡ್ಜಿನಲ್ಲಿ ನೂರಕ್ಕೆ ಮೂರೂವರೆ ರಂಜಕ ಕೂರಿಸಿದರೆ 525 ಗ್ರಾಂ ಹೊರಗೆ ಹೋಗಿ ನೀರಿನಲ್ಲಿ 1 ಮಿಲಿಗ್ರಾಂಗಿಂತ ಕಡಿಮೆ ಉಳಿಯುತ್ತದೆ. ಸ್ಲಡ್ಜನ್ನು ತೆಗೆಯದೇ ಬಿಟ್ಟ ಘಟಕಕ್ಕೆ ಈ ಎರಡು ಲೆಕ್ಕಗಳೂ ಅನ್ವಯಿಸುವುದಿಲ್ಲ. ಅಲ್ಲಿ ಬಂದ 600 ಗ್ರಾಂ ಕೊನೆಗೆ ನೀರಿನೊಂದಿಗೇ ಹೋಗುತ್ತದೆ.

ಶುದ್ಧೀಕರಿಸಿದ ನೀರನ್ನು ಶೌಚಾಲಯದ ಫ್ಲಶ್‌ಗೆ ಮರಳಿ ಬಳಸುವ ಸಮುಚ್ಚಯಗಳಲ್ಲಿ, ತೆಗೆಯದೆ ಉಳಿದ ರಂಜಕ ಮತ್ತೆ ಘಟಕಕ್ಕೇ ಬಂದು ಸೇರುತ್ತದೆ. ಆದ್ದರಿಂದ ಪುಸ್ತಕದ ಅಂಕಿಯನ್ನು ನೆಚ್ಚದೆ, ನಿಮ್ಮ ಘಟಕದ ನೀರನ್ನೇ ಇಪ್ಪತ್ತನಾಲ್ಕು ಗಂಟೆಯ ಮಿಶ್ರ ಮಾದರಿಯಾಗಿ ತೆಗೆದು ಪರೀಕ್ಷಿಸಿರಿ.

ಪರೀಕ್ಷೆಯ ವರದಿ ಓದುವಾಗ ಒಂದು ಎಚ್ಚರಿಕೆ ಬೇಕು. ಕೆಲವು ಕಿಟ್‌ಗಳೂ ಪ್ರಯೋಗಾಲಯಗಳೂ ಫಾಸ್ಫೇಟ್ ಎಂದು ಅಂಕಿ ಕೊಡುತ್ತವೆ, ಕೆಲವು ರಂಜಕ ಎಂದು ಕೊಡುತ್ತವೆ. ಫಾಸ್ಫೇಟ್ ಅಂಕಿಯನ್ನು 3.06ರಿಂದ ಭಾಗಿಸಿದರೆ ರಂಜಕದ ಅಂಕಿ ಸಿಗುತ್ತದೆ. ಈ ಭಾಗಾಕಾರ ಮರೆತರೆ ಮಿತಿಯೊಳಗಿರುವ ಘಟಕ ಕೆಟ್ಟಿದೆ ಎಂದೂ, ರಂಜಕದ ಅಂಕಿಯನ್ನೇ ತಪ್ಪಾಗಿ ಭಾಗಿಸಿದರೆ ಕೆಟ್ಟ ಘಟಕ ಸರಿಯಿದೆ ಎಂದೂ ತೋರುತ್ತದೆ.

ಹಂತ 1: ಜೀವಿಗಳ ಆಹಾರವನ್ನು ಕಾಪಾಡುವುದು

ಒಂದು ಮಿಲಿಗ್ರಾಂ ರಂಜಕ ತೆಗೆಯಲು ಪಿಎಒಗಳಿಗೆ ಸುಲಭವಾಗಿ ಹೀರಬಹುದಾದ ಆಹಾರ, ಸಿಒಡಿ ಲೆಕ್ಕದಲ್ಲಿ (ಅದನ್ನು ರಾಸಾಯನಿಕವಾಗಿ ಪೂರ್ತಿ ಉರಿಸಲು ಬೇಕಾಗುವ ಆಮ್ಲಜನಕದ ಲೆಕ್ಕ), ಸುಮಾರು 10 ಮಿಲಿಗ್ರಾಂ ಬೇಕು. ಒಟ್ಟು ಬಿಒಡಿ ರಂಜಕದ ಇಪ್ಪತ್ತು ಪಟ್ಟಿಗಿಂತ ಹೆಚ್ಚಿದ್ದರೆ ಧೈರ್ಯವಾಗಿ ಆರಂಭಿಸಬಹುದು. ನಮ್ಮ ಉದಾಹರಣೆಯಲ್ಲಿ 250ಕ್ಕೆ 6, ಅಂದರೆ ನಲವತ್ತು ಪಟ್ಟು, ಆಹಾರಕ್ಕೆ ಕೊರತೆಯಿಲ್ಲ.

ಆದರೆ ಇದೇ ಆಹಾರವನ್ನು ನಾವೇ ದಾರಿಯಲ್ಲಿ ಸುಟ್ಟುಬಿಡುತ್ತೇವೆ. ಸಮುಚ್ಚಯಗಳಲ್ಲಿ ನೀರು ಮೊದಲು ಬಂದು ನಿಲ್ಲುವ ಸಂಗ್ರಹ ಟ್ಯಾಂಕಿಗೆ ವಾಸನೆ ಬಾರದಿರಲೆಂದು ಹಗಲಿರುಳು ಗಾಳಿ ಊದುವ ರೂಢಿಯಿದೆ. ಆ ಗಾಳಿ ಅಸಿಟಿಕ್ ಆಮ್ಲದಂಥ ಹಗುರ ಆಮ್ಲಗಳನ್ನು ಎಸ್‌ಬಿಆರ್ ಟ್ಯಾಂಕ್ ತಲುಪುವ ಮೊದಲೇ ತಿಂದುಹಾಕುತ್ತದೆ. ಅಲ್ಲಿಯ ಗಾಳಿಯನ್ನು ಪೂರ್ತಿ ನಿಲ್ಲಿಸಿದರೆ ಕಸ ತಳಕ್ಕೆ ಕೂರುತ್ತದೆ, ವಾಸನೆಯೂ ಏಳುತ್ತದೆ. ಆದ್ದರಿಂದ ಮುಳುಗು ಮಿಕ್ಸರ್ ಹಾಕಿ ಕಲಕುವುದು ಉತ್ತಮ. ಅದಕ್ಕೆ ಹಣವಿಲ್ಲದಿದ್ದರೆ ಗಂಟೆಗೆ ಐದು ಹತ್ತು ನಿಮಿಷ ಮಾತ್ರ ಗಾಳಿ ಬಿಡುವಂತೆ ಟೈಮರ್ ಇರಿಸಿ, ಟ್ಯಾಂಕಿನ ಮುಚ್ಚಳವನ್ನು ಬಿಗಿ ಮಾಡಿ, ಅದರ ಗಾಳಿಗೊಳವೆಯನ್ನು ಮಹಡಿಯ ಮೇಲಕ್ಕೆ ಒಯ್ಯಿರಿ. ಮುಚ್ಚಿದ ಟ್ಯಾಂಕಿನೊಳಗೆ ಹೈಡ್ರೋಜನ್ ಸಲ್ಫೈಡ್ ಕೂಡಿರುತ್ತದೆ. ಯಾವ ಕಾರಣಕ್ಕೂ ಮನುಷ್ಯರನ್ನು ಅದರೊಳಗೆ ಇಳಿಸಬಾರದು.

ಹಂತ 2: ಆವರ್ತದ ವೇಳೆಯನ್ನು ಬದಲಿಸುವುದು

ಈಗ ದಿನಕ್ಕೆ ಆರು ಗಂಟೆಯ ನಾಲ್ಕು ಆವರ್ತಗಳು ನಡೆಯುತ್ತಿವೆ, ಪ್ರತಿ ಆವರ್ತಕ್ಕೆ 25,000 ಲೀಟರ್ ಹೊಸ ನೀರು ಬರುತ್ತದೆ, ತುಂಬಿದ ಟ್ಯಾಂಕಿನಲ್ಲಿ 60,000 ಲೀಟರ್ ಇರುತ್ತದೆ ಎಂದಿಟ್ಟುಕೊಳ್ಳೋಣ. ಸಾಮಾನ್ಯ ಕ್ರಮದಲ್ಲಿ ನೀರು ತುಂಬುತ್ತಿರುವಾಗಲೇ ಗಾಳಿ ಊದುವ ಬ್ಲೋವರ್ ಆರಂಭವಾಗುತ್ತದೆ. ಇದನ್ನು ಬದಲಿಸಿ. ಮೊದಲ 75 ನಿಮಿಷ ಬ್ಲೋವರ್ ನಿಂತಿರಲಿ, ಮಿಕ್ಸರ್ ಮಾತ್ರ ನಡೆಯಲಿ, ಹೊಸ ನೀರು ಈ ಅವಧಿಯ ಆರಂಭದಲ್ಲೇ ಬೇಗನೆ ಒಳಕ್ಕೆ ಬರಲಿ. ಆಮೇಲೆ 180 ನಿಮಿಷ ಗಾಳಿ, 60 ನಿಮಿಷ ತಂಗುವುದು, ಉಳಿದ 45 ನಿಮಿಷದಲ್ಲಿ ತಿಳಿ ತೆಗೆಯುವುದು ಮತ್ತು ಸ್ಲಡ್ಜ್ ಹೊರಹಾಕುವುದು.

ಮಿಕ್ಸರ್ ಇಲ್ಲದೆ ಈ ಕೆಲಸ ಆಗದು. ಬ್ಲೋವರ್ ನಿಲ್ಲಿಸಿದ ಕೂಡಲೇ ಸ್ಲಡ್ಜ್ ತಳಕ್ಕೆ ಕೂತು, ಮೇಲಿರುವ ಆಹಾರ ಅದಕ್ಕೆ ಸಿಗುವುದಿಲ್ಲ. ನೀರು ಮೇಲಿನಿಂದ ಧಬಧಬನೆ ಬೀಳುವ ಕೊಳವೆಯಿದ್ದರೆ ಅದರ ಬಾಯನ್ನು ನೀರಿನ ಮಟ್ಟದ ಕೆಳಕ್ಕೆ ಇಳಿಸಿರಿ, ಏಕೆಂದರೆ ಬೀಳುವ ನೀರು ತನ್ನೊಂದಿಗೆ ಆಮ್ಲಜನಕವನ್ನೂ ತರುತ್ತದೆ. ಗಾಳಿಯಿಲ್ಲದ ಅವಧಿಯಲ್ಲಿ ಡಿಒ, ಅಂದರೆ ನೀರಿನಲ್ಲಿ ಕರಗಿದ ಆಮ್ಲಜನಕ, ಅಳೆಯುವ ಮೀಟರ್ ಸೊನ್ನೆಯ ಬಳಿ ಇರಬೇಕು. ಗಾಳಿಯ ಅವಧಿಯಲ್ಲಿ ಲೀಟರಿಗೆ 2 ಮಿಲಿಗ್ರಾಂ ಸಾಕು. ರಜೆಯ ದಿನಗಳಲ್ಲಿ ಮನೆಗಳು ಖಾಲಿಯಿದ್ದು ನೀರು ತೆಳುವಾಗಿ ಬಂದಾಗ ಗಾಳಿಯ ವೇಳೆಯನ್ನು ಕಡಿಮೆ ಮಾಡಿರಿ; ಹೆಚ್ಚು ಹೊತ್ತು ಊದಿದರೆ ಪಿಎಒಗಳು ತಮ್ಮ ದಾಸ್ತಾನನ್ನು ವ್ಯರ್ಥವಾಗಿ ಉರಿಸಿಕೊಂಡು, ಮತ್ತೆ ನೀರು ಬಂದಾಗ ರಂಜಕ ಹೀರುವ ಶಕ್ತಿಯಿಲ್ಲದೆ ಉಳಿಯುತ್ತವೆ.

ಹಂತ 3: ನೈಟ್ರೇಟನ್ನು ತಡೆಯುವುದು

ವಿಫಲವಾದ ಘಟಕಗಳಲ್ಲಿ ಮೊದಲು ಹುಡುಕಬೇಕಾದ ಕಾರಣ ಇದೇ ಎಂಬುದು ನನ್ನ ದೃಢ ಅಭಿಪ್ರಾಯ. ಆದ್ದರಿಂದ ಇದನ್ನು ತುಸು ವಿಸ್ತಾರವಾಗಿ ಹೇಳುತ್ತೇನೆ. ಗಾಳಿಯ ಅವಧಿಯಲ್ಲಿ ಅಮೋನಿಯಾ ನೈಟ್ರೇಟ್ ಆಗುತ್ತದೆ. ತಿಳಿ ತೆಗೆದ ನಂತರ ಟ್ಯಾಂಕಿನಲ್ಲಿ ಉಳಿದ 35,000 ಲೀಟರ್ ನೀರಿನಲ್ಲಿ ಲೀಟರಿಗೆ 10 ಮಿಲಿಗ್ರಾಂ ನೈಟ್ರೇಟ್ ಸಾರಜನಕವಿದ್ದರೆ, ಒಟ್ಟು 350 ಗ್ರಾಂ ಮುಂದಿನ ಆವರ್ತಕ್ಕಾಗಿ ಕಾದಿರುತ್ತದೆ. ಹೊಸದಾಗಿ ಬರುವ 25,000 ಲೀಟರಿಗೆ ಹಂಚಿದರೆ ಲೀಟರಿಗೆ 14 ಮಿಲಿಗ್ರಾಂ. ಪ್ರತಿ ಮಿಲಿಗ್ರಾಂ ನೈಟ್ರೇಟ್ ಸಾರಜನಕವು ಸುಲಭ ಆಹಾರದಲ್ಲಿ ಸುಮಾರು 6 ಮಿಲಿಗ್ರಾಂ ಸಿಒಡಿಯನ್ನು ತಿನ್ನಿಸಿಬಿಡುತ್ತದೆ. ಹೀಗೆ ಹೊಸ ನೀರಿನ ಪ್ರತಿ ಲೀಟರಿನಿಂದ 84 ಮಿಲಿಗ್ರಾಂ ಸುಲಭ ಆಹಾರ ಪಿಎಒಗಳ ಪಾಲಾಗದೆ ಬೇರೆ ಬ್ಯಾಕ್ಟೀರಿಯಾಗಳ ಹೊಟ್ಟೆ ಸೇರುತ್ತದೆ. 6 ಮಿಲಿಗ್ರಾಂ ರಂಜಕ ತೆಗೆಯಲು ಬೇಕಾದದ್ದು 60 ಎಂಬುದನ್ನು ನೆನೆದರೆ ನಷ್ಟದ ಗಾತ್ರ ತಿಳಿಯುತ್ತದೆ.

ಇದಕ್ಕೆ ಮೂರು ಉಪಾಯಗಳಿವೆ, ಈ ಕ್ರಮದಲ್ಲೇ ಮಾಡಿನೋಡಿರಿ. ಮೊದಲನೆಯದು, 180 ನಿಮಿಷದ ಗಾಳಿಯ ನಡುವೆ 30 ನಿಮಿಷ ಬ್ಲೋವರ್ ನಿಲ್ಲಿಸಿ ಮಿಕ್ಸರ್ ಮಾತ್ರ ನಡೆಸುವುದು. ಆಗ ನೈಟ್ರೇಟ್ ಅನಿಲವಾಗಿ ಹೋಗುತ್ತದೆ, ಕೆಲವು ಪಿಎಒಗಳು ನೈಟ್ರೇಟನ್ನೇ ಆಮ್ಲಜನಕದ ಬದಲು ಬಳಸಿ ರಂಜಕ ಹೀರುವುದೂ ಉಂಟು. ಆದರೆ ಕೊನೆಯಲ್ಲಿ ಮತ್ತೆ ಗಾಳಿ ಇರಲೇಬೇಕು. ಎರಡನೆಯದು, ಗಾಳಿಯ ಕೊನೆಯ ಭಾಗದಲ್ಲಿ ಡಿಒವನ್ನು 1ರ ಸುತ್ತ ಇಳಿಸುವುದು. ಮೂರನೆಯದು, ಗಾಳಿಯಿಲ್ಲದ ಮೊದಲ ಅವಧಿಯನ್ನು 75ರಿಂದ 90 ಅಥವಾ 100 ನಿಮಿಷಕ್ಕೆ ಏರಿಸಿ, ಅದರ ಮೊದಲ ಭಾಗ ನೈಟ್ರೇಟ್ ತೀರಿಸಲೂ ಉಳಿದದ್ದು ಪಿಎಒಗಳಿಗೂ ಒದಗುವಂತೆ ನೋಡಿಕೊಳ್ಳುವುದು. ತಂಗುವ ಅವಧಿಯನ್ನು ಉದ್ದ ಮಾಡಿ ನೈಟ್ರೇಟ್ ಕಳೆಯುವ ಯೋಚನೆ ಬೇಡ. ತಳದ ಸ್ಲಡ್ಜ್ ಸಾರಜನಕದ ಗುಳ್ಳೆಗಳೊಂದಿಗೆ ಮೇಲೇಳುತ್ತದೆ, ನೈಟ್ರೇಟ್ ಮುಗಿದ ಮೇಲೆ ಕೂಡಿಟ್ಟ ರಂಜಕವನ್ನು ತಿಳಿನೀರಿಗೇ ಬಿಡತೊಡಗುತ್ತದೆ.

ಹಂತ 4: ಬಕೆಟ್ ಪರೀಕ್ಷೆ

ಪಿಎಒಗಳು ಬೆಳೆದಿವೆಯೇ ಎಂದು ತಿಳಿಯಲು ದುಬಾರಿ ಸಲಕರಣೆ ಬೇಡ. ಗಾಳಿಯ ಅವಧಿಯ ಕೊನೆಯಲ್ಲಿ ಟ್ಯಾಂಕಿನ ಮಿಶ್ರಣವನ್ನು ಹತ್ತು ಲೀಟರ್ ಬಕೆಟಿನಲ್ಲಿ ತೆಗೆದುಕೊಂಡು, ಗುಳ್ಳೆ ಏಳದಂತೆ ನಿಧಾನವಾಗಿ ಕಲಕುತ್ತಾ, ಡಿಒ ಸೊನ್ನೆಯಾಗುವವರೆಗೆ ಕಾಯಿರಿ. ನಂತರ ಲೀಟರಿಗೆ 100 ಮಿಲಿಗ್ರಾಂ ಅಸಿಟಿಕ್ ಆಮ್ಲ ಆಗುವಷ್ಟು ಸೋಡಿಯಂ ಅಸಿಟೇಟ್ ಹಾಕಿರಿ. ಹರಳು ರೂಪದ್ದಾದರೆ ಬಕೆಟಿಗೆ ಎರಡೂಕಾಲು ಗ್ರಾಂ. ಅದು ಸಿಗದಿದ್ದರೆ ಅಂಗಡಿಯ ನೂರಕ್ಕೆ ನಾಲ್ಕೈದರ ವಿನೆಗರ್ 20ರಿಂದ 25 ಮಿಲಿಲೀಟರ್ ಹಾಕಬಹುದು, ಆದರೆ ಪಿಎಚ್ 7ಕ್ಕಿಂತ ಕೆಳಗಿಳಿಯದಂತೆ ತುಸು ಅಡುಗೆ ಸೋಡಾ ಸೇರಿಸಬೇಕು.

ಅಸಿಟೇಟ್ ಹಾಕುವ ಮುನ್ನ ಒಮ್ಮೆ, ಆಮೇಲೆ ಪ್ರತಿ 20 ನಿಮಿಷಕ್ಕೊಮ್ಮೆ ಒಂದೂವರೆ ಗಂಟೆಯವರೆಗೆ ಮಾದರಿ ತೆಗೆದು, ಕೂಡಲೇ ಸೋಸಿ, ಕರಗಿದ ರಂಜಕವನ್ನು ಕಿಟ್‌ನಿಂದ ಅಳೆಯಿರಿ. ಸೋಸುವುದನ್ನು ಮುಂದೂಡಬಾರದು, ಬಾಟಲಿಯೊಳಗೂ ಜೀವಿಗಳು ರಂಜಕ ಬಿಡುತ್ತಲೇ ಇರುತ್ತವೆ, ಸಂಜೆ ಪ್ರಯೋಗಾಲಯ ತಲುಪಿದ ಮಾದರಿಯ ಅಂಕಿ ಬೆಳಗಿನ ಟ್ಯಾಂಕಿನದ್ದಾಗಿರುವುದಿಲ್ಲ. ರಂಜಕ 15 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು ಏರಿದರೆ ಪಿಎಒಗಳು ಚೆನ್ನಾಗಿ ನೆಲೆಸಿವೆ. ಎರಡು ಮೂರು ಮಿಲಿಗ್ರಾಂ ಏರಿ ನಿಂತರೆ ಇನ್ನೂ ಕಾಯಬೇಕು. ಕೊನೆಗೆ ಮೀನಿನ ತೊಟ್ಟಿಯ ಪಂಪಿನಿಂದ ಅದೇ ಬಕೆಟಿಗೆ ಮೂರು ಗಂಟೆ ಗಾಳಿ ಊದಿ, ಏರಿದ ರಂಜಕ ಪೂರ್ತಿ ಇಳಿಯುತ್ತದೆಯೇ ನೋಡಿರಿ.

ಹೊರಗಿನಿಂದ ಜೀವಿಗಳನ್ನು ಕೊಂಡು ತಂದು ಹಾಕುವ ಅಗತ್ಯವಿಲ್ಲ. ಸಾಮಾನ್ಯ ಸ್ಲಡ್ಜಿನಲ್ಲೂ ಇವು ಅಲ್ಪಸ್ವಲ್ಪ ಇರುತ್ತವೆ. ಕ್ರಮ ಬದಲಾದ ಮೇಲೆ ಸ್ಲಡ್ಜ್ ಮೂರು ಬಾರಿಯಾದರೂ ಪೂರ್ತಿ ಬದಲಾಗುವಷ್ಟು ಕಾಲ, ಅಂದರೆ ನಾಲ್ಕರಿಂದ ಆರು ವಾರ, ತಾಳ್ಮೆಯಿಂದಿದ್ದರೆ ತಾವಾಗಿಯೇ ಮೇಲುಗೈ ಪಡೆಯುತ್ತವೆ. ಪುಡಿಯಾಗಿ ಮಾರುವ ಬ್ಯಾಕ್ಟೀರಿಯಾಗಳಿಗೆ ಹಣ ಸುರಿಯುವ ಬದಲು ಆ ಹಣದಲ್ಲಿ ಒಂದು ಒಳ್ಳೆಯ ಡಿಒ ಮೀಟರ್ ಕೊಳ್ಳುವುದು ಲೇಸು.

ಬಕೆಟಿನಲ್ಲಿ ಅಸಿಟೇಟ್ ಬೇಗ ಮಾಯವಾಗಿಯೂ ರಂಜಕ ಏರದಿದ್ದರೆ ಜಿಎಒ ಎಂಬ ಪೈಪೋಟಿದಾರರು ಸೇರಿದ್ದಾರೆಂದು ತಿಳಿಯಬೇಕು. ಇವು ಗ್ಲೈಕೋಜನ್ನಿನ ಬಲದಿಂದ ಅದೇ ಆಹಾರ ತಿನ್ನುತ್ತವೆ, ರಂಜಕದ ಕೆಲಸ ಮಾತ್ರ ಮಾಡುವುದಿಲ್ಲ. ಬಿಸಿ ನೀರು ಇವುಗಳಿಗೆ ಅನುಕೂಲ, ಆದ್ದರಿಂದ ರಾಯಚೂರು, ಕಲಬುರಗಿಯಂಥ ಊರುಗಳ ಬೇಸಿಗೆಯಲ್ಲಿ ಹೆಚ್ಚು ಎಚ್ಚರ ಬೇಕು. ಹಾಗೆಂದು ಉಷ್ಣವಲಯದಲ್ಲಿ ಇದು ಆಗದ ಕೆಲಸವೆಂದು ತಿಳಿಯಬೇಕಿಲ್ಲ. ಸಿಂಗಪುರದಲ್ಲಿ ಸುಮಾರು 30 ಡಿಗ್ರಿಯ ಕೊಳಚೆನೀರಿನಲ್ಲೂ ಪಿಎಒಗಳು ಕೆಲಸ ಮಾಡುತ್ತಿವೆ. ಸ್ಲಡ್ಜಿನ ವಯಸ್ಸನ್ನು, ಅಂದರೆ ಅದು ಟ್ಯಾಂಕಿನಲ್ಲಿ ಉಳಿಯುವ ಸರಾಸರಿ ದಿನಗಳನ್ನು, ಇಳಿಸುವುದು ಮತ್ತು ಪಿಎಚ್ ಅನ್ನು ಏಳೂಕಾಲಕ್ಕಿಂತ ಮೇಲಿಡುವುದು ಪಿಎಒಗಳಿಗೆ ನೆರವಾಗುತ್ತವೆ.

ಇನ್ನೊಂದು ಸಣ್ಣ ಸಂಗತಿ. ಪಾಲಿಫಾಸ್ಫೇಟ್ ಕಟ್ಟಲು ಜೊತೆಗೆ ಮ್ಯಾಗ್ನೀಷಿಯಂ ಮತ್ತು ಪೊಟ್ಯಾಸಿಯಂ ಬೇಕು. ಒಂದು ಮಿಲಿಗ್ರಾಂ ರಂಜಕಕ್ಕೆ ಸುಮಾರು ಕಾಲು ಮಿಲಿಗ್ರಾಂ ಮ್ಯಾಗ್ನೀಷಿಯಂ. ಗಡಸು ನೀರಿನ ಊರುಗಳಲ್ಲಿ ಇದು ಧಾರಾಳ. ಇಡೀ ಸಮುಚ್ಚಯದ ಕೊಳವೆಬಾವಿ ನೀರನ್ನು ಸಾಫ್ಟ್‌ನರ್ ಮೂಲಕ ಕೊಡುವ ಕಡೆ ಮಾತ್ರ ಒಮ್ಮೆ ಅಳೆಸಿ ನೋಡುವುದು ಒಳ್ಳೆಯದು.

ಹಂತ 5: ಸ್ಲಡ್ಜನ್ನು ದಿನವೂ ಹೊರಹಾಕುವುದು

ತುಂಬಿದ ಟ್ಯಾಂಕಿನ ಎಂಎಲ್‌ಎಸ್‌ಎಸ್ (ಮಿಶ್ರಣದಲ್ಲಿ ತೇಲುವ ಸ್ಲಡ್ಜಿನ ಒಣತೂಕ) ಲೀಟರಿಗೆ 2,500 ಮಿಲಿಗ್ರಾಂ ಇದ್ದರೆ 60,000 ಲೀಟರಿನಲ್ಲಿ 150 ಕಿಲೋ ಸ್ಲಡ್ಜ್ ಇದೆ. ದಿನಕ್ಕೆ 15 ಕಿಲೋ ತೆಗೆದರೆ ಸ್ಲಡ್ಜಿನ ವಯಸ್ಸು 10 ದಿನ. ತಂಗಿದ ಸ್ಲಡ್ಜಿನಲ್ಲಿ ಲೀಟರಿಗೆ 8 ಗ್ರಾಂ ಇದ್ದರೆ ಈ 15 ಕಿಲೋಗೆ ಸುಮಾರು 1,900 ಲೀಟರ್ ಪಂಪ್ ಮಾಡಬೇಕು, ಅಂದರೆ ಪ್ರತಿ ಆವರ್ತಕ್ಕೆ 475 ಲೀಟರ್. ವಾರಕ್ಕೊಮ್ಮೆ ಒಟ್ಟಿಗೆ ತೆಗೆಯುವುದಕ್ಕಿಂತ ಹೀಗೆ ಪಾಲು ಮಾಡಿ ತೆಗೆಯುವುದು ಉತ್ತಮ. ಬೇಸಿಗೆಯಲ್ಲಿ ವಯಸ್ಸನ್ನು ಏಳೆಂಟು ದಿನಕ್ಕೆ ಇಳಿಸಿರಿ. ನಮ್ಮಲ್ಲಿ ಅನೇಕ ಕಡೆ ಸ್ಲಡ್ಜ್ ಸಾಗಿಸುವ ತೊಂದರೆಯಿಂದ ಅದನ್ನು ಇಪ್ಪತ್ತು ಮೂವತ್ತು ದಿನ ಟ್ಯಾಂಕಿನಲ್ಲೇ ಸುತ್ತಿಸುತ್ತಾರೆ. ಅಂಥ ಘಟಕದಲ್ಲಿ ಹಂತ 1ರಿಂದ 4ರವರೆಗಿನ ಶ್ರಮಕ್ಕೆ ತಕ್ಕ ಫಲ ಸಿಗದು.

ತಿಳಿನೀರಿನಲ್ಲಿ ಕಣಗಳು ಹೋಗದಂತೆಯೂ ನೋಡಬೇಕು. ರಂಜಕ ನೂರಕ್ಕೆ ನಾಲ್ಕಿರುವ ಸ್ಲಡ್ಜಿನ ಕಣಗಳು ಲೀಟರಿಗೆ 10 ಮಿಲಿಗ್ರಾಂ ತೇಲಿಹೋದರೂ 0.4 ಮಿಲಿಗ್ರಾಂ ರಂಜಕ ಹೋದಂತೆ. 1ರ ಮಿತಿಯಲ್ಲಿ ಅದು ದೊಡ್ಡ ಪಾಲು, ಹಾಗಾಗಿ ಮರಳಿನ ಫಿಲ್ಟರ್‌ ಅನ್ನು ಕಡೆಗಣಿಸಬಾರದು.

ಮಳೆ ಬಂದು ನೀರು ತೆಳುವಾದ ವಾರಗಳಿಗೆಂದು ಪಟಿಕವನ್ನು ಕೈಯಲ್ಲಿಟ್ಟುಕೊಳ್ಳಿರಿ. ಒಂದು ಮಿಲಿಗ್ರಾಂ ರಂಜಕಕ್ಕೆ 15ರಿಂದ 20 ಮಿಲಿಗ್ರಾಂ ಪಟಿಕ ಬೇಕಾಗುತ್ತದೆ. ಅದನ್ನು ಗಾಳಿಯ ಅವಧಿಯ ಕೊನೆಯಲ್ಲಿ, ಉಳಿದ ರಂಜಕದ ಮಟ್ಟಕ್ಕೆ ಮಾತ್ರ ಹಾಕಬೇಕು; ಮೊದಲೇ ಧಾರಾಳವಾಗಿ ಹಾಕಿದರೆ ಪಿಎಒಗಳಿಗೆ ಕೂಡಿಡಲು ರಂಜಕವೇ ಸಿಗದೆ ಅವು ಕ್ಷೀಣಿಸುತ್ತವೆ.

ಹಂತ 6: ತೆಗೆದ ಸ್ಲಡ್ಜಿನ ಮುಂದಿನ ದಾರಿ

ಹೊರತೆಗೆದ ಸ್ಲಡ್ಜನ್ನು ಗಾಳಿಯಿಲ್ಲದ ಹೊಂಡದಲ್ಲಿ ದಿನಗಟ್ಟಲೆ ನಿಲ್ಲಿಸಿದರೆ, ಅದರ ಜೀವಿಗಳು ಕೂಡಿಟ್ಟ ಪಾಲಿಫಾಸ್ಫೇಟನ್ನು ಮುರಿದು ನೀರಿಗೆ ಬಿಡುತ್ತವೆ. ಆ ನೀರು ಸಾಮಾನ್ಯವಾಗಿ ಸಂಗ್ರಹ ಟ್ಯಾಂಕಿಗೇ ಮರಳುವುದರಿಂದ, ತೆಗೆದ ರಂಜಕವೇ ಮತ್ತೆ ಬಾಗಿಲಿಗೆ ಬಂದು ನಿಲ್ಲುತ್ತದೆ. ಆದ್ದರಿಂದ ಅದೇ ದಿನ ಫಿಲ್ಟರ್ ಪ್ರೆಸ್ಸಿನಲ್ಲಿ ಹಿಂಡಬೇಕು, ಅಥವಾ ಹಿಂಡುವವರೆಗೆ ಹೊಂಡಕ್ಕೆ ಗಾಳಿ ಊದುತ್ತಿರಬೇಕು. ತಿಂಗಳಿಗೊಮ್ಮೆ ಹಿಂಡಿದ ನೀರಿನ ರಂಜಕವನ್ನು ಅಳೆಯಿರಿ. ಅದು ಒಳಬರುವ ಕೊಳಚೆನೀರಿಗಿಂತ ಬಹಳ ಹೆಚ್ಚಿದ್ದರೆ ಸ್ಲಡ್ಜ್ ತಡವಾಗಿ ಹಿಂಡಲಾಗುತ್ತಿದೆ ಎಂದರ್ಥ.

ಹಿಂಡಿದ ಸ್ಲಡ್ಜಿನಲ್ಲಿ ದಿನಕ್ಕೆ ಸುಮಾರು ಅರ್ಧ ಕಿಲೋ ರಂಜಕ ಕೂಡುತ್ತದೆ. ಡಿಎಪಿ ಗೊಬ್ಬರದ ತೂಕದಲ್ಲಿ ರಂಜಕ ಐದನೆಯ ಒಂದು ಪಾಲಾದ್ದರಿಂದ ಇದು ಎರಡೂವರೆ ಕಿಲೋ ಡಿಎಪಿಗೆ ಸಮ. ಇಪ್ಪತ್ತು ದಿನಕ್ಕೆ ಐವತ್ತು ಕಿಲೋದ ಒಂದು ಚೀಲ. ಫಾಸ್ಫೇಟಿಗಾಗಿ ಹೆಚ್ಚಾಗಿ ವಿದೇಶಗಳನ್ನೇ ನೆಚ್ಚಿರುವ ದೇಶದಲ್ಲಿ, ಡಿಎಪಿಗಾಗಿ ರೈತರು ಮುಂಗಾರಿನಲ್ಲಿ ಸಾಲು ನಿಲ್ಲುವ ನಾಡಿನಲ್ಲಿ, ಇದನ್ನು ಕಸದ ಗುಂಡಿಗೆ ಹಾಕುವುದು ನನಗೆ ಸಹಿಸದ ಸಂಗತಿ. ಆದರೆ ಹಸಿ ಸ್ಲಡ್ಜನ್ನು ನೇರವಾಗಿ ಹೊಲಕ್ಕೆ ಹಾಕಬಾರದು, ಅದರಲ್ಲಿ ಜಂತುಹುಳುಗಳ ಮೊಟ್ಟೆಗಳೂ ರೋಗಾಣುಗಳೂ ಇರುತ್ತವೆ. ಒಣ ಎಲೆ ಅಥವಾ ಮರದ ಹೊಟ್ಟಿನೊಂದಿಗೆ ಬೆರೆಸಿ, ರಾಶಿಯ ಒಳಗಿನ ಉಷ್ಣತೆ 55 ಡಿಗ್ರಿ ದಾಟಿ ಕೆಲವು ದಿನ ನಿಲ್ಲುವಂತೆ, ಪದೇಪದೇ ಮಗುಚಿ ಕಾಂಪೋಸ್ಟ್ ಮಾಡಬೇಕು. ಭಾರ ಲೋಹಗಳ ಪರೀಕ್ಷೆ ಮಾಡಿಸಿದ ನಂತರ ಮೊದಲ ರಾಶಿಯನ್ನು ಸಮುಚ್ಚಯದ ತೋಟದ ಹೂಗಿಡ, ಮರಗಳ ಬುಡಕ್ಕೆ ಬಳಸಿರಿ. ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗೆ ಬೇಡ.